ಗಡಿಗೆಯ ಕಾವು

ಉಗರಗೋಳದ ಹವೆಯನ್ನು ತಿಂಗಳ ಲೆಕ್ಕಕ್ಕಿಂತ ಹುಣ್ಣಿಮೆಯ ಲೆಕ್ಕದಲ್ಲಿ ಹೇಳುವುದೇ ಸಲೀಸು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳಲ್ಲಿ ಜನ ಕಂಬಳಿಯೊಳಗಿಂದ ಮುಖವನ್ನಷ್ಟೇ ಹೊರಗಿಟ್ಟು ‘ಉಧೋ ಉಧೋ’ ಅನ್ನುತ್ತಾರೆ. ಭಾರತ ಹುಣ್ಣಿಮೆಗೆ ಅದೇ ಕಂಬಳಿ ಮಡಿಕೆಯಾಗಿ ಕೂಡುವ ಹಾಸಾಗಿರುತ್ತದೆ. ದವನದ ಹುಣ್ಣಿಮೆ ಬರುವಷ್ಟರಲ್ಲಿ ಎರೆ ಹೊಲಗಳು ಬಾಯಿ ಬಿಟ್ಟು, ಮಧ್ಯಾಹ್ನದ ಬಿಸಿಲು ಗುಡ್ಡದ ಕಲ್ಲುಗಳ ಮೇಲೆ ಕುಣಿಯತೊಡಗುತ್ತದೆ. ಹೊರಗೆ ಹೀಗೆ ಜಾತ್ರೆಗಳು ಬಂದು ಹೋಗುವಾಗ ಮನೆಯೊಳಗೆ ಅಂಬಲಿಯ ಗಡಿಗೆಯೂ ಸದ್ದಿಲ್ಲದೆ ಜಾಗ ಬದಲಿಸುತ್ತದೆ: ಚಳಿಗೆ ಒಲೆಯ ಮಗ್ಗುಲಿನ ಬೆಚ್ಚನೆ ಬೂದಿ, ಹದದ ದಿನಗಳಿಗೆ ಪಡಸಾಲೆಯ ಕಂಬದ ಬುಡ, ಬೇಸಿಗೆಗೆ ಬಚ್ಚಲ ಪಕ್ಕದ ಹಸಿ ಉಸುಕು. “ಸೆಕಿ ಭಾಳ ಐತಿ, ಗಡಗಿ ಉಸುಕಿನ ಮ್ಯಾಲ ಇಡವಾ” ಎಂದು ಅತ್ತೆ ಹೇಳಿದರೆ ಸೊಸೆ ಹಾಗೇ ಇಡುತ್ತಾಳೆ. ಯಾವ ಗೋಡೆಯ ಮೇಲೂ ಉಷ್ಣಮಾಪಕ ತೂಗಾಡುವುದಿಲ್ಲ.

ರಾತ್ರಿ ಜೋಳದ ಹಿಟ್ಟಿಗೆ ನೀರು ಹಾಕಿ, ಗಂಟಿಲ್ಲದಂತೆ ಬೆರಳಿಂದ ಕಲಸಿ, ನಿನ್ನೆಯ ಹುಳಿಯನ್ನೋ ಒಂದಿಷ್ಟು ಮಜ್ಜಿಗೆಯನ್ನೋ ಬೆರೆಸಿ ಬಾಯಿಗೆ ಅರಿವೆ ಕಟ್ಟಿದ ಮೇಲೆ ಮನುಷ್ಯನ ಕೆಲಸ ಅಲ್ಲಿಗೆ ಮುಗಿಯಿತು. ಊರು ಮಲಗಿ, ನಾಯಿಗಳೂ ಸುಮ್ಮನಾದ ಹೊತ್ತಿನಲ್ಲಿ ಆ ಅರಿವೆ ಬಿಚ್ಚಿ ಕಿವಿ ಹತ್ತಿರ ಒಯ್ದರೆ, ಬಹಳ ಸಣ್ಣದೊಂದು ಸಿಡಿತ ಕೇಳುತ್ತದೆ. ಗುಳ್ಳೆಯೊಂದು ತಳದಿಂದ ದಾರಿ ಮಾಡಿಕೊಂಡು ಬಂದು, ಮೇಲಿನ ತೆಳುವಾದ ಕೆನೆಯಂಥ ಪದರವನ್ನು ಉಬ್ಬಿಸಿ, ಒಡೆದು, ತನ್ನ ಜಾಗದಲ್ಲಿ ಸೂಜಿಮೊನೆಯಷ್ಟು ಕುಳಿಯನ್ನು ಬಿಟ್ಟು ಹೋಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಉಬ್ಬಿರುತ್ತದೆ. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಮಳೆ ಬಿದ್ದ ಮಣ್ಣಿನ ನೆನಪು ತರುವಂಥದ್ದು, ನಸುಕಿನ ಹೊತ್ತಿಗೆ ನಾಲಿಗೆಯ ಅಂಚಿನಲ್ಲಿ ನೀರೂರಿಸುವ ಹುಳಿ. ಬೆಳಿಗ್ಗೆ ಅದು ಒಲೆಯೇರಿ ಕುದಿದು, ಮಜ್ಜಿಗೆ, ಉಪ್ಪು, ಜಜ್ಜಿದ ಬಳ್ಳೊಳ್ಳಿ ಸೇರಿಸಿಕೊಂಡು ಹೊಲಕ್ಕೆ ಹೊರಡುತ್ತದೆ.

ಹುಳಿ ಬರಿಸುವ ಆ ಕಣ್ಣಿಗೆ ಕಾಣದ ಜೀವಗಳಿಗೆ ಬೇಕಾದ ಬಿಸಿ ಎಷ್ಟು ಕಿರಿದಾದ ಓಣಿ ಎಂದು ನೆನೆದಾಗ ನನಗೆ ಬೆರಗಾಗುತ್ತದೆ. ಮಜ್ಜಿಗೆಯ ಹೆಪ್ಪಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ 20ರಿಂದ 30 ಡಿಗ್ರಿಯಲ್ಲಿ ಸುಖವಾಗಿದ್ದರೆ, ಗಟ್ಟಿ ಮೊಸರಿನ ಇನ್ನೊಂದು ಬಗೆ 40ರಿಂದ 45ರಲ್ಲಿ ಚುರುಕಾಗುತ್ತದೆ. ಇಡೀ ವಿಶ್ವದಲ್ಲಿ ನಕ್ಷತ್ರದ ಒಡಲ ಕೋಟಿಗಟ್ಟಲೆ ಡಿಗ್ರಿಯಿಂದ ಶೂನ್ಯಾಕಾಶದ ಕೊರೆವ ಶೀತದವರೆಗೆ ಹರಡಿರುವ ಶಾಖದ ಈ ಅಗಾಧ ಹಾಸಿನಲ್ಲಿ, ಹಿಟ್ಟು ಅಂಬಲಿಯಾಗುವುದು ಬೆರಳಗಲದ ಒಂದು ಪಟ್ಟಿಯಲ್ಲಿ ಮಾತ್ರ. ಮತ್ತು ನಮ್ಮ ಮೈಯ ಕಾವೂ ಅದರ ಆಸುಪಾಸಿನಲ್ಲೇ ಇದೆ. ಹಾಲಿಗೆ ಹೆಪ್ಪು ಹಾಕುವ ಮುನ್ನ ಅದ್ದಿ ನೋಡುವ ಕಿರುಬೆರಳು ತಪ್ಪದಿರುವುದು ಅದಕ್ಕೇ ಇರಬೇಕು. ಅಷ್ಟೇ ಅಲ್ಲ, ಹುಳಿಯುತ್ತಿರುವ ಪಾತ್ರೆ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ: ಸಕ್ಕರೆ ಒಡೆಯುತ್ತ ಹೋದಂತೆ ಬಿಸಿ ಹೊರಬೀಳುತ್ತದೆ, ಬಿಸಿಯಿಂದ ಒಡೆಯುವ ವೇಗ ಹೆಚ್ಚುತ್ತದೆ, ವೇಗದಿಂದ ಮತ್ತೆ ಬಿಸಿ.

ಬಿಯರ್ ಮಾಡುವವರ ಜಗತ್ತಿನಲ್ಲಿ ಈ ಸುತ್ತಿನ ಭಯ ದೊಡ್ಡದು. ಯೀಸ್ಟ್ ಹದವಾಗಿ ದುಡಿಯುವಾಗ ಪಾತ್ರೆಯ ಒಳಗು ಕೋಣೆಗಿಂತ 3-4 ಡಿಗ್ರಿ ಮೇಲೇರಿಬಿಡಬಲ್ಲದು. ಏಲ್ ಎಂಬ ಬಗೆಗೆ 18ರಿಂದ 22, ಲಾಗರ್ ಎಂಬ ಬಗೆಗೆ 8ರಿಂದ 13 ಡಿಗ್ರಿ ಬೇಕು. ಅದಕ್ಕಿಂತ ಕಾವೇರಿದರೆ ಮಾಗಿದ ಬಾಳೆಹಣ್ಣಿನ ವಾಸನೆ ಎದ್ದು, ಇನ್ನೂ ಏರಿದರೆ ಗಂಟಲು ಸುಡುವ ಖಾರ ಸೇರುತ್ತದೆ. 1553ರಲ್ಲಿ ಬವೇರಿಯಾದ ಅರಸ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕಾಯಿಸಬೇಕೆಂದು ಕಟ್ಟಳೆ ಮಾಡಿದ್ದು ಬೇಸಿಗೆಗೆ ಹೆದರಿಯೇ; 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪು ಯಂತ್ರ ತರುವ ತನಕ ಅಲ್ಲಿನವರು ಚಳಿಗಾಲದ ಮಂಜುಗಡ್ಡೆಯನ್ನು ನೆಲಮಾಳಿಗೆಯಲ್ಲಿ ಕೂಡಿಡುತ್ತಿದ್ದರು. ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಕಾಯಿಸಲು 1965ರ ಅಬಕಾರಿ ಕಾಯ್ದೆ ಬಿಡದು, ಅದು ಹಾಗಿರಲಿ. ಅನುಮತಿಯಿರುವ ದೇಶಗಳಲ್ಲಿ ಹವ್ಯಾಸಿಗಳು ಸೆಕೆಗಾಲದಲ್ಲಿ ಮಾಡುವುದೇನು ಗೊತ್ತೇ? ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಹಳೆಯ ಅಂಗಿ ಹೊದಿಸಿ, ಅದರ ಅಂಚು ನೀರಿಗೆ ತಾಗುವಂತೆ ಬಿಟ್ಟು, ಎದುರಿಗೆ ಫ್ಯಾನ್ ಹಚ್ಚುತ್ತಾರೆ. ಉಗರಗೋಳದ ಸೊಸೆ ನೋಡಿದರೆ ನಕ್ಕಾಳು.

ಹಸಿ ಅರಿವೆಯ ಒಂದು ಗ್ರಾಂ ನೀರು ಗಾಳಿಗೆ ಹೋಗಬೇಕಾದರೆ ಸುಮಾರು 580 ಕ್ಯಾಲರಿ ಶಾಖವನ್ನು ಎಲ್ಲಿಂದಲಾದರೂ ಕೇಳಿ ತೆಗೆದುಕೊಳ್ಳಬೇಕು. ಅದು ಗಡಿಗೆಯ ಮೈಯಿಂದ ತೆಗೆದುಕೊಳ್ಳುತ್ತದೆ. ಸುಟ್ಟ ಮಣ್ಣಿಗೆ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳಲ್ಲಿ ಹನಿಗೂ ಚಿಕ್ಕ ಹನಿ, ಹನಿಯ ಮೇಲೆ ಪಡುವಣ ಗಾಳಿ. ಈ ಬೆವರುವ ಮಣ್ಣನ್ನು ಮುಟ್ಟುವಾಗ ನನ್ನ ಮನಸ್ಸು ಗುಡ್ಡದ ಕಥೆಗೆ ಹೋಗದೆ ಇರುವುದಿಲ್ಲ. ಎಲ್ಲಮ್ಮನೇ ಆದ ರೇಣುಕೆ ದಿನವೂ ಮಲಪ್ರಭೆಯ ಹಸಿ ಉಸುಕಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ನೀರು ಹೊತ್ತು ತರುತ್ತಿದ್ದಳಂತೆ. ಬೇಯದ, ಒಲೆ ಕಾಣದ ಉಸುಕು. ಕಣ ಕಣದ ನಡುವೆ ನೀರೇ ನೀರನ್ನು ಹಿಡಿದು ನಿಂತ ಕೊಡ. ಅದರೊಳಗಿನ ನೀರು ಎಷ್ಟು ತಂಪಿದ್ದಿತು, ಅವಳ ಹೆಗಲ ಮೇಲೆ ಎಷ್ಟು ತೊಟ್ಟಿಕ್ಕಿತು ಎಂದು ಕಥೆ ಹೇಳುವುದಿಲ್ಲ. ನಾನು ಮಾತ್ರ ಹಸಿ ಉಸುಕಿನ ಮೇಲೆ ಕೂತ ಗಡಿಗೆಯನ್ನು ಕಂಡಾಗಲೆಲ್ಲ ಆ ತಂಪನ್ನು ಕೈಯಲ್ಲಿ ಅಳೆಯಲು ನೋಡುತ್ತೇನೆ.

ಜೋಳಕ್ಕೂ ಇಂಥದೇ ಉಸಿರಿದೆ. ಈ ಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಬಡಿಯುತ್ತಿದ್ದರು. ಮೇಲೆ ಬಿಸಿಲು ಬರಲಿ ಚಳಿ ಬರಲಿ, ಆಳದ ನೆಲ ಹೆಚ್ಚು ಏರದೆ ಇಳಿಯದೆ ಕಾಳನ್ನು ಹಿಡಿದಿಡುತ್ತಿತ್ತು. ಒಳಗೆ ಕಾಳು ಉಸಿರಾಡಿ ಗಾಳಿಯ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಿದ್ದುದರಿಂದ, ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮೊದಲು ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅಂಬಲಿಯ ಗುಳ್ಳೆಯಲ್ಲಿರುವುದೂ ಆ ದೀಪ ಆರಿಸುವ ಅನಿಲವೇ. ಹಗೇವಿನಿಂದ ಬುಟ್ಟಿಗೆ ಬಂದ ಜೋಳಕ್ಕೂ, ಅದರ ರೊಟ್ಟಿಗೂ, ಮುಗ್ಗಿನ ಅಂಚಿನಲ್ಲಿ ನಿಂತ ಒಂದು ಹುಳಿ ವಾಸನೆ ಇರುತ್ತದೆ. ಕೆಲವರಿಗೆ ಸೇರದು. ನನಗೆ ಸೇರುತ್ತದೆ.