ಚೀಟಿಯಲ್ಲಿ ಏನು ಬರೆದಿದೆ?

ತಾಲ್ಲೂಕು ಪಟ್ಟಣದಿಂದ ಇಪ್ಪತ್ತು ಮೈಲಿ ಒಳಗಿರುವ ಒಂದು ಮಿಷನ್ ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತು ಹಾಸಿಗೆ, ಒಬ್ಬರೇ ವೈದ್ಯರು, ನಾಲ್ಕೈದು ಮಂದಿ ಸಿಸ್ಟರುಗಳು. ದಾನಿಗಳು ಕೊಡಿಸಿದ ಎಕ್ಸ್‌ರೇ ಯಂತ್ರವಿದೆ, ಅದನ್ನು ನಡೆಸುವ ಹುಡುಗನೂ ಇದ್ದಾನೆ. ತೆಗೆದ ಚಿತ್ರವನ್ನು ಓದಿ ಹೇಳುವ ರೇಡಿಯಾಲಜಿ ತಜ್ಞರು ಮಾತ್ರ ಇಲ್ಲ. ಮೊದಲಾದರೆ ಫಿಲ್ಮನ್ನು ರೋಗಿಯ ಕೈಗೇ ಕೊಟ್ಟು, ಪಟ್ಟಣದಲ್ಲಿ ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದರು. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಎಷ್ಟು ಜನ ಹೋಗುತ್ತಿದ್ದರೋ ದೇವರೇ ಬಲ್ಲ. ಇಂದು ಅದೇ ಚಿತ್ರವನ್ನು ಕಂಪ್ಯೂಟರಿನ ಮೂಲಕ ದೂರದ ತಜ್ಞರಿಗೆ ಕಳುಹಿಸಿ, ಅದೇ ದಿನ ವರದಿ ಪಡೆಯಬಹುದು. ಇದಕ್ಕೆ ಟೆಲಿರೇಡಿಯಾಲಜಿ ಎಂದು ಹೆಸರು.

ರೋಗಿಯ ಮುಖವನ್ನೇ ನೋಡದವರು ಅವನ ರೋಗದ ತೀರ್ಪು ಕೊಡುವುದು ಸರಿಯೇ? ಮನೆಯ ಹಿರಿಯರು ಹೀಗೆ ಕೇಳಿದರೆ ನಾವು ನಗಬಾರದು. ಆದರೆ ದೂರವನ್ನೇ ದೂರುವುದೂ ನ್ಯಾಯವಲ್ಲ. ನಗರದ ದೊಡ್ಡ ಆಸ್ಪತ್ರೆಯಲ್ಲೂ ಎಕ್ಸ್‌ರೇ ಓದುವ ತಜ್ಞರು ಮಬ್ಬುಗತ್ತಲೆಯ ಕೋಣೆಯಲ್ಲಿ ಕುಳಿತಿರುತ್ತಾರೆ. ರೋಗಿ ಅವರ ಕಣ್ಣಿಗೆ ಬೀಳುವುದು ಕಡಿಮೆ. ಕಫೆರ್ನವುಮಿನ ಶತಾಧಿಪತಿಯ ಆಳನ್ನು ಪ್ರಭು ಯೇಸು ಗುಣಪಡಿಸಿದ್ದೂ ಅವನ ಹಾಸಿಗೆಯ ಬಳಿಗೆ ಹೋಗಿ ಅಲ್ಲ. ಆದರೆ ಆ ಆಳಿನ ಪರವಾಗಿ ಒಬ್ಬ ಯಜಮಾನ ಬಂದು, ಅವನಿಗೆ ಏನಾಗಿದೆ, ಎಷ್ಟು ನರಳುತ್ತಿದ್ದಾನೆ ಎಂದು ಹೇಳಿಕೊಂಡಿದ್ದ. ನಮ್ಮ ಆಸ್ಪತ್ರೆಯ ರೋಗಿಯ ಪರವಾಗಿ ಹೇಳುವವರು ಯಾರು?

ಚಿತ್ರದ ಜೊತೆಗೆ ಹೋಗುವ ಚೀಟಿಯೇ ಅದನ್ನು ಹೇಳಬೇಕು. ಅದರಲ್ಲಿ ‘ಎದೆ, ಕೆಮ್ಮು’ ಎಂದಷ್ಟೇ ಇದ್ದರೆ? ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಕಲೆಗಳು ಕಾಣುತ್ತಿವೆ ಎನ್ನಿ. ಅದು ಕ್ಷಯವಿರಬಹುದು, ಹಿಂದೆಂದೋ ವಾಸಿಯಾದ ಕ್ಷಯದ ಗುರುತಿರಬಹುದು, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಇರಬಹುದು. ಎರಡೂ ಒಟ್ಟಿಗೇ ಇರಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯ ಹೆಚ್ಚು. ಇವನು ಹತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದವನು, ಮೂರು ವಾರದಿಂದ ಸಂಜೆ ಜ್ವರ, ತೂಕ ಇಳಿದಿದೆ, ಹಿಂದೊಮ್ಮೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿದ್ದಾನೆ ಎಂಬ ಎರಡು ಸಾಲು ಸಿಕ್ಕರೆ, ದೂರದ ತಜ್ಞರು ಅದೇ ಚಿತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಅವನ ಹಳೆಯ ಫಿಲ್ಮ್ ಮನೆಯ ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುತ್ತಿರಬಹುದು. ತಂದುಕೊಡು ಎಂದು ಯಾರಾದರೂ ಹೇಳಬೇಕಲ್ಲ!

ಎಲ್ಲವೂ ಹೀಗೆ ತಂತಿಯ ಮೇಲೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಬಸುರಿಯರಿಗೆ ಮುಖ್ಯವಾಗಿ ಬೇಕಾದ ಅಲ್ಟ್ರಾಸೌಂಡ್ ಚಿತ್ರ ಮೂಡುವುದು ಪರೀಕ್ಷಿಸುವವರ ಕೈ ಆಡಿದಂತೆ. ಅಲ್ಲಿ ಪಳಗಿದ ಕೈ ಸ್ಥಳದಲ್ಲೇ ಇರಬೇಕು.

ಇನ್ನು ಸರದಿಯ ಮಾತು. ಬೆಂಗಳೂರಿನಲ್ಲಿ 2002ರಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಓದುವ ಕೆಲಸದಿಂದ ಹೆಸರಾಯಿತು. ಅಲ್ಲಿ ನಡುರಾತ್ರಿಯಾದಾಗ ನಮಗೆ ಬೆಳಗಿನ ಹೊತ್ತು. ಇದೇ ಸಂಸ್ಥೆ ಮುಂದೆ ಅರುಣಾಚಲದ ಇಟಾನಗರದ ರಾಮಕೃಷ್ಣ ಮಿಷನ್ ಆಸ್ಪತ್ರೆಯ ಚಿತ್ರಗಳನ್ನೂ ಓದಿಕೊಟ್ಟಿತು. ಸಮುದ್ರದಾಚೆಯ ರೋಗಿಗೆ ನಮ್ಮವರ ಕಣ್ಣು ಎಟುಕುವುದಾದರೆ, ಪಕ್ಕದ ಜಿಲ್ಲೆಯವನಿಗೆ ಎಟುಕದಿರಲು ಮೈಲಿಗಳು ಕಾರಣವಲ್ಲ. ಹೆಚ್ಚು ಹಣ ಕೊಡುವವರ ಚಿತ್ರ ಮೊದಲು, ಧರ್ಮಾಸ್ಪತ್ರೆಯದು ಬಿಡುವಾದಾಗ ಎಂದಾದರೆ ಅದನ್ನು ದಾನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವರದಿ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಕೊನೆಯ ಸಾಲಿನಲ್ಲಿ ‘ಸಿ.ಟಿ. ಸ್ಕ್ಯಾನ್ ಮಾಡಿಸಿ’ ಎಂದಿರುತ್ತದೆ. ನಗರದಲ್ಲಿ ಅದು ಪಕ್ಕದ ಕೋಣೆ. ಇಲ್ಲಿ ಕಿವಿಯ ಓಲೆ ಅಡವಿಡುವ ವಿಷಯ. ಅದಿಲ್ಲದೆ ಕಫ ಪರೀಕ್ಷೆಯಿಂದಲೇ ಮುಂದೆ ಹೋಗಬಹುದೇ ಎಂದು ಇಲ್ಲಿಯ ವೈದ್ಯರು ಫೋನು ಮಾಡಿ ಕೇಳುವಂತಿರಬೇಕು. ವರದಿಯ ಕೆಳಗೆ ಕರೆದರೆ ಓಗೊಡುವ ಒಬ್ಬ ಮನುಷ್ಯರ ಹೆಸರಿರಬೇಕು. ಕ್ಷಯವನ್ನು ಜರಡಿ ಹಿಡಿಯುವ ಎದೆಯ ಎಕ್ಸ್‌ರೇಗಳನ್ನು 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ತಜ್ಞರ ಬದಲು ಕಂಪ್ಯೂಟರ್ ತಂತ್ರಾಂಶವೇ ಓದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಓದುವವರೇ ಇಲ್ಲದ ಕಡೆ ಅದೂ ಉಪಕಾರವೇ. ಆದರೆ ಅದಕ್ಕೆ ಫೋನು ಮಾಡಿ ಕಷ್ಟ ಹೇಳಿಕೊಳ್ಳಲಾಗದು.

ಇಂಥ ಸೇವೆಯನ್ನು ಆರಂಭಿಸಲು ಆಡಳಿತ ಮಂಡಳಿ ಸೇರಿದಾಗ ಒಂದು ಚಿತ್ರಕ್ಕೆ ಎಷ್ಟು ರೂಪಾಯಿ, ಇಂಟರ್‌ನೆಟ್ ಎಷ್ಟು ವೇಗ ಎಂದು ವಿಚಾರಿಸುವುದು ಸಹಜ. ಎಂಬತ್ತು ಹೊರರೋಗಿಗಳು ಸಾಲಾಗಿ ಕುಳಿತಿರುವಾಗ ಆ ಚೀಟಿ ಬರೆಯುವವರು ಯಾರು, ಅದಕ್ಕೆ ಐದು ನಿಮಿಷ ಎಲ್ಲಿಂದ ಬರುತ್ತದೆ ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಲಿ. ವೈದ್ಯರಿಗೆ ಬಿಡುವಿಲ್ಲದಿದ್ದರೆ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಸಿಸ್ಟರ್ ಬರೆಯಲಿ, ವೈದ್ಯರು ಓದಿ ಸಹಿ ಹಾಕಲಿ. ಏನು ಕೆಲಸ ಮಾಡುತ್ತೀಯಪ್ಪಾ ಎಂದು ಆ ಕ್ವಾರಿಯವನನ್ನು ಮೊದಲು ಕೇಳುವವರು ಅವರೇ.