ಸಾರಿ ಅಂದ್ರೆ ನೋವು

ದಿನಕ್ಕೆ ಎಷ್ಟು ಸಲ ಸಾರಿ ಅಂತೀವಿ? ಮೀಟಿಂಗಿಗೆ ಎರಡು ನಿಮಿಷ ತಡವಾದರೆ ಸಾರಿ, ಲಿಫ್ಟಿನಲ್ಲಿ ಭುಜ ತಾಗಿದರೆ ಸಾರಿ, ಎದುರಿನವರ ಮಾತು ಕೇಳಿಸದಿದ್ದರೂ ಸಾರಿ.

ಈ ಪದದ ಬುಡ ಕೆದಕಿದರೆ ಸಿಗೋದು ಗಾಯ. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಅಂದರೆ ನೋವು. ಗಂಟಲು ಕೆಟ್ಟಾಗ ‘ಸೋರ್ ಥ್ರೋಟ್’ ಅಂತೀವಲ್ಲ, ಆ ಸೋರ್ ಇದೇ. ದುಃಖ ಅನ್ನೋ ಅರ್ಥದ ‘ಸಾರೋ’ ಇದರ ತಂಗಿಯಂತೆ ಕಂಡರೂ ಅದರ ಬೇರೇ ಬೇರೆ. ಅಂದರೆ ಸಾರಿ ಮೊದಲಿಗೆ ಕ್ಷಮೆಯ ಬೇಡಿಕೆ ಅಲ್ಲ, ‘ನನಗೆ ನೋಯ್ತಿದೆ’ ಅನ್ನೋ ಮಾತು.

‘ಅಪಾಲಜಿ’ ಕತೆ ಇನ್ನೂ ಮಜವಾಗಿದೆ. ಗ್ರೀಕಿನ ‘ಅಪೊಲೊಜಿಯಾ’ ಅಂದರೆ ಆರೋಪಕ್ಕೆ ಕೊಡುವ ಉತ್ತರ, ಸ್ವಂತದ ಸಮರ್ಥನೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ನಡೆದ ವಿಚಾರಣೆಯ ಬಗ್ಗೆ ಪ್ಲೇಟೋ ಬರೆದ ‘ಅಪಾಲಜಿ’ಯಲ್ಲಿ ಸಾಕ್ರಟೀಸ್ ಕ್ಷಮೆ ಕೇಳೋದೇ ಇಲ್ಲ, ತಾನು ನಡೆದ ದಾರಿಯೇ ಸರಿ ಅಂತ ವಾದಿಸ್ತಾನೆ. ನಮ್ಮ ‘ಸಾರಿ, ಆದರೆ...’ ಇದೆಯಲ್ಲ, ಆ ‘ಆದರೆ’ ಬಂದ ಕೂಡಲೇ ಅದೂ ವಕಾಲತ್ತೇ.

ಕನ್ನಡದ ‘ತಪ್ಪಾಯ್ತು’ ಕೂಡ ಅಷ್ಟು ಮುಗ್ಧ ಅಲ್ಲ. ತಪ್ಪು ತಾನಾಗಿಯೇ ಆಯ್ತು, ಮಾಡಿದವರು ಯಾರೂ ಇಲ್ಲ! ‘ತಪ್ಪು ಮಾಡಿದೆ’ ಅನ್ನೋಕೆ ಮಾತ್ರ ನಾಲಿಗೆ ಹೊರಳಲ್ಲ.

ಹಾಗಾದರೆ ಲಿಫ್ಟಿನ ಸಾರಿ ಸುಳ್ಳಾ? ನನಗೆ ಹಾಗನ್ನಿಸಲ್ಲ. ಅದು ಸೌಜನ್ಯ, ಪಕ್ಕದಲ್ಲಿ ನೀವಿದ್ದೀರಿ ಅಂತ ಗಮನಿಸಿದ್ದೇನೆ ಅನ್ನೋ ಸೂಚನೆ. ಆದರೆ ಯಾರನ್ನಾದರೂ ನಿಜಕ್ಕೂ ನೋಯಿಸಿದಾಗ ಅದೇ ಎರಡಕ್ಷರ ಸಾಲದು. ಅವರ ನೋವಿನ ಒಂದು ಪಾಲಾದರೂ ನಮಗೆ ತಟ್ಟಿದೆಯಾ? ತಟ್ಟಿದ್ದರೆ ನಾಳೆ ಬೇರೆ ಥರ ನಡೆದುಕೊಳ್ತೀವಿ. ಸಾರಿಗೆ ಅದೊಂದೇ ಸಾಕ್ಷಿ.