ಉಪ್ಪಿನ ಋಣ ಯಾರಿಗೆ?

ನಮ್ಮ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸಿದ ನೀತಿ, ‘ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು’ ಎಂಬುದು. ಅದರ ಬಗ್ಗೆ ನನಗೆ ಅನುಮಾನ ಬಂದದ್ದು ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ, ರಸ್ತೆ ಬದಿಯ ಹೆಂಗಸೊಬ್ಬಳ ಹತ್ತಿರ ಒಂದು ಚೀಲ ಉಪ್ಪಿಗೆ ಚೌಕಾಸಿ ಮಾಡಿ ಹತ್ತು ರೂಪಾಯಿ ಉಳಿಸಿಕೊಂಡ ಮೇಲೆ.

ಚೀಲ ಹಿಡಿದು ಆಗರದ ಬದುವಿನ ಮೇಲೆ ನಡೆದೆ. ಭರತದ ಹೊತ್ತಿಗೆ ಅಘನಾಶಿನಿಯ ಅಳಿವೆಯಿಂದ ಒಳಬಿಟ್ಟ ಉಪ್ಪುನೀರು ಪಾತಿಯಿಂದ ಪಾತಿಗೆ ಸಾಗುತ್ತ, ಬಿಸಿಲು ಗಾಳಿಗೆ ಆರುತ್ತ ಮಂದವಾಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿರುವ ಲವಣ ಸುಮಾರು 35 ಗ್ರಾಂ. ನೀರು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಇಳಿಯುವ ತನಕ ಅಡುಗೆ ಉಪ್ಪು ಹರಳುಗಟ್ಟುವುದಿಲ್ಲ. ಅದಕ್ಕೂ ಮೊದಲೇ ಜಿಪ್ಸಮ್ ತಳ ಸೇರುತ್ತದೆ. ಹರಳು ಕೂತ ಮೇಲೆ ಉಳಿದ ನೀರನ್ನು ಹೊರಬಿಡಬೇಕು, ಇಲ್ಲವಾದರೆ ಅದರಲ್ಲಿನ ಮೆಗ್ನೀಸಿಯಂ ಉಪ್ಪನ್ನೂ ಕಹಿ ಮಾಡುತ್ತದೆ. ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಸೂರ್ಯ ಹೇಳುವುದಿಲ್ಲ. ಪಾತಿಯಲ್ಲಿ ಬರಿಗಾಲಲ್ಲಿ ನಿಂತವರಿಗೆ ಗೊತ್ತಿರಬೇಕು. ಅಕಾಲದ ಒಂದು ಮಳೆ ಬಿದ್ದರೆ ಉಪ್ಪು ಮತ್ತೆ ನೀರೇ.

ಕಡಲು ಬಿಟ್ಟಿ, ಬಿಸಿಲು ಬಿಟ್ಟಿ, ಆದ್ದರಿಂದ ಉಪ್ಪು ಅಗ್ಗವಾಗಿರಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಆ ಬಿಟ್ಟಿಯ ಲೆಕ್ಕಕ್ಕೆ ಮನುಷ್ಯರ ಕಾಲುಗಳನ್ನೂ ಸೇರಿಸಿಬಿಟ್ಟಿದ್ದೆ.

ಗಾದೆ ಮಾಡಿದ್ದೂ ಅದನ್ನೇ ಅಲ್ಲವೇ? ಅದು ನಿಷ್ಠೆ ಕೇಳುವುದು ಉಣಬಡಿಸಿದ ಮನೆಗೆ. ಆ ಉಪ್ಪನ್ನು ತೆಗೆದವರು ಅದರಲ್ಲಿ ಇಲ್ಲವೇ ಇಲ್ಲ. ಇಲ್ಲಿಗೆ ಹತ್ತಿರದ ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದರು. ಕಡಲಿನ ಉಪ್ಪಿಗೆ ಸರ್ಕಾರ ಒಡೆಯನಾಗುವುದನ್ನು ಅವರು ಒಪ್ಪಲಿಲ್ಲ. ಒಡೆಯ ಯಾರು ಎಂದು ಕೇಳಿದರೆ ಋಣ ಯಾರಿಗೆ ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ.

ಹಾಗೆಂದು ಗಾದೆಯನ್ನು ಬಿಸಾಡಲು ನನಗೆ ಮನಸ್ಸಿಲ್ಲ. ತನ್ನ ತಟ್ಟೆಯದನ್ನು ಹಂಚಿಕೊಂಡವನಿಗೆ ಋಣಿಯಾಗಿರುವುದು ಸುಳ್ಳಲ್ಲ. ಆದರೆ ಆ ಋಣ ಬಡಿಸಿದ ಕೈಗೇ ನಿಲ್ಲಬಾರದು. ಅಂಗಡಿ ದಾಟಿ, ಲಾರಿ ದಾಟಿ, ಪಾತಿಯ ತನಕ ಹಿಂದಕ್ಕೆ ಹೋಗಬೇಕು. ಅಲ್ಲಿರುವವರ ಹೆಸರು ನಮಗೆ ಗೊತ್ತಿಲ್ಲ ಎಂಬುದು ಋಣ ಇಲ್ಲ ಎನ್ನುವುದಕ್ಕೆ ಕಾರಣವಾಗದು.

ಮರಳಿ ಬಂದು ಹತ್ತು ರೂಪಾಯಿ ಚಾಚಿದೆ. ‘ಯಾಕೆ, ಇನ್ನೂ ಉಪ್ಪು ಬೇಕೇ?’ ಎಂದಳು. ಕಾರಣ ಹೇಳಲು ನಾಚಿಕೆಯಾಯಿತು. ಹೌದೆಂದೆ. ಅವಳು ಮತ್ತೊಂದು ಬೊಗಸೆ ಉಪ್ಪು ಸುರಿದಳು. ಋಣ ಇನ್ನಷ್ಟು ಬೆಳೆಯಿತು.